ಎರಡು ಆಸೆ, ಒಂದು ಮನಸ್ಸು, ಒಳಗೊಬ್ಬ ವಕೀಲ

ಬೆಂಗಳೂರಿನಲ್ಲಿ ಕೆಲಸ ಮಾಡುವ ಎಷ್ಟೋ ಮಂದಿಯ ಬಾಯಲ್ಲಿ ಈ ಮಾತು ಕೇಳಿರ್ತೀರಿ: ‘ಇನ್ನೆರಡು ವರ್ಷ ಅಷ್ಟೇ, ಆಮೇಲೆ ಊರಿಗೆ ಹೋಗಿಬಿಡ್ತೀನಿ.’ ಎರಡು ವರ್ಷ ಕಳೆದರೂ ಮಾತು ಮಾತ್ರ ಹಾಗೇ ಇರುತ್ತೆ. ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ಅವರ ಹತ್ತಿರ ಇರಬೇಕು ಅನ್ನೋ ಆಸೆ ನಿಜ. ಇಲ್ಲಿನ ಸಂಬಳ, ಸ್ನೇಹಿತರು, ‘ಎಲ್ಲಿಗೆ ಹೊರಟೆ?’ ಅಂತ ಯಾರೂ ಕೇಳದ ಸ್ವಾತಂತ್ರ್ಯ ಬೇಕು ಅನ್ನೋ ಆಸೆಯೂ ಅಷ್ಟೇ ನಿಜ. ಆದರೆ ಯಾಕೆ ಹೋಗಲಿಲ್ಲ ಅಂತ ಕೇಳಿದರೆ ಬರುವ ಉತ್ತರವೇ ಬೇರೆ. ‘ಹೋಮ್ ಲೋನ್ ಇದೆ.’ ‘ಈ ಪ್ರಾಜೆಕ್ಟ್ ಮುಗೀಲಿ.’ ‘ಅಲ್ಲಿ ಒಳ್ಳೇ ಆಸ್ಪತ್ರೆ ಎಲ್ಲಿದೆ?’

ಈ ಉತ್ತರಗಳು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಹೇಳಿಕೊಳ್ಳೋಕೆ ಮುಜುಗರವಾಗುವ ಆಸೆಯೊಂದರ ಪರವಾಗಿ ನಮ್ಮೊಳಗೊಬ್ಬ ವಕೀಲ ವಾದ ಮಾಡ್ತಿರ್ತಾನೆ. ಕಕ್ಷಿದಾರನ ಹೆಸರು ಮಾತ್ರ ಬಾಯಿ ಬಿಡಲ್ಲ.

ಮೀನಿನ ಹೊಟ್ಟೆಯಲ್ಲಿ ಸಿಕ್ಕ ಕಾರಣ

ಈ ವಕೀಲನನ್ನು ಚೆನ್ನಾಗಿ ಗುರುತಿಸಿದವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರು. ಹದಿಹರೆಯದಲ್ಲಿ ಅವರು ಮಾಂಸ, ಮೀನು ಬಿಟ್ಟಿದ್ದರು. ನಮಗೇನೂ ಕೆಡುಕು ಮಾಡದ ಮೀನನ್ನು ಕೊಲ್ಲೋದು ಅನ್ಯಾಯ ಎಂಬುದು ಅವರ ನಂಬಿಕೆ. ಒಮ್ಮೆ ಬಾಸ್ಟನ್‌ನಿಂದ ಹೊರಟ ಹಡಗು ಗಾಳಿಯಿಲ್ಲದೆ ನಿಂತಾಗ ಜೊತೆಯವರು ಕಾಡ್ ಮೀನು ಹಿಡಿದು ಬಾಣಲೆಗೆ ಹಾಕಿದರು. ಮೊದಲಿಂದಲೂ ಮೀನು ಅಂದರೆ ಇಷ್ಟಪಡುತ್ತಿದ್ದ ಫ್ರಾಂಕ್ಲಿನ್‌ಗೆ ಆ ಘಮ ತಡೆಯೋಕಾಗಲಿಲ್ಲ. ತತ್ವ ಒಂದು ಕಡೆ, ನಾಲಿಗೆ ಇನ್ನೊಂದು ಕಡೆ. ಅಷ್ಟರಲ್ಲಿ, ಮೀನು ಸೀಳಿದಾಗ ಅದರ ಹೊಟ್ಟೆಯಿಂದ ಪುಟ್ಟ ಮೀನುಗಳು ಬಂದದ್ದು ನೆನಪಾಯಿತು. ಮೀನೇ ಮೀನನ್ನು ತಿನ್ನುವಾಗ ತಾನು ತಿಂದರೆ ತಪ್ಪೇನು ಅಂದುಕೊಂಡು ಹೊಟ್ಟೆ ತುಂಬ ತಿಂದರು.

ಆತ್ಮಕಥೆಯಲ್ಲಿ ಇದನ್ನು ಬರೆಯುವಾಗ, ಬಯಸಿದ್ದಕ್ಕೆಲ್ಲ ಕಾರಣ ಹುಡುಕಿಕೊಡುವ ಬುದ್ಧಿಯನ್ನು ಅವರೇ ಗೇಲಿ ಮಾಡಿದ್ದಾರೆ. ಘಮ ಬಂದದ್ದು ಮೊದಲು, ಕಾರಣ ಸಿಕ್ಕಿದ್ದು ಆಮೇಲೆ. ನಮ್ಮ ಬಹಳಷ್ಟು ‘ಕಾರಣ’ಗಳು ಹುಟ್ಟೋದೂ ಇದೇ ಕ್ರಮದಲ್ಲಿ.

ಮೇಕೆ ಹಾಲು

ಫ್ರಾಂಕ್ಲಿನ್ ನಕ್ಕು ಬಿಟ್ಟ ವಿಷಯವನ್ನು ಗಾಂಧೀಜಿ ನಗದೆ ಎದುರಿಸಿದರು. 1912ರಲ್ಲಿ, ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗ ಅವರು ಹಾಲು ಬಿಟ್ಟರು. ಹೆಚ್ಚು ಹಾಲಿಗಾಗಿ ಹಸು, ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿ ಮನಸ್ಸು ನೊಂದಿತ್ತು. 1918ರಲ್ಲಿ ಭೇದಿ ಹತ್ತಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಹಾಲು ಕುಡಿಯದಿದ್ದರೆ ಮೈ ಚೇತರಿಸಿಕೊಳ್ಳಲ್ಲ ಎಂದರು ವೈದ್ಯರು. ವ್ರತ ಇದೆಯಲ್ಲ ಎಂದರು ಗಾಂಧೀಜಿ. ಹಾಗಾದರೆ ಮೇಕೆ ಹಾಲು ಆಗಬಹುದಲ್ಲ ಎಂದರು ಪಕ್ಕದಲ್ಲಿದ್ದ ಕಸ್ತೂರಬಾ. ವ್ರತ ತೊಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಹಾಲು ಮಾತ್ರ. ಗಾಂಧೀಜಿ ಒಪ್ಪಿದರು.

ನಾವಾಗಿದ್ದರೆ ಕತೆಯನ್ನು ಅಲ್ಲಿಗೇ ಮುಗಿಸ್ತಿದ್ದೆವು. ಡಾಕ್ಟರ್ ಹೇಳಿದರು, ಮನೆಯವರೂ ಹೇಳಿದರು, ವ್ರತವೂ ಮುರಿಯಲಿಲ್ಲ! ಗಾಂಧೀಜಿ ಹಾಗೆ ಮಾಡಲಿಲ್ಲ. 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಆತ್ಮಕಥೆಯಲ್ಲಿ, ವ್ರತದ ಅಕ್ಷರ ಉಳಿದರೂ ಅದರ ಜೀವ ಹೋಯಿತು ಎಂಬ ಅರ್ಥದಲ್ಲಿ ಬರೆದರು. ಯಾಕೆ ಮಣಿದೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಸತ್ಯಾಗ್ರಹ ನಡೆಸಬೇಕು, ಅದಕ್ಕಾಗಿ ಬದುಕಬೇಕು ಎಂಬ ಆಸೆ ಗೆದ್ದಿತ್ತು. ಜನಸೇವೆಯಂಥ ದೊಡ್ಡ ಆಸೆಯನ್ನೂ ಅವರು ಒಂದು ಸೆಳೆತ ಎಂದೇ ಕರೆದರು.

ಅಷ್ಟಾದ ಮೇಲೂ ಮೇಕೆ ಹಾಲು ಬಿಡಲಿಲ್ಲ. ಅದೇ ಸರಿ ಅಂತ ವಾದ ಮಾಡಲೂ ಇಲ್ಲ. ನಮ್ಮನ್ನು ನಾವು ನೋಡಿಕೊಂಡ ಕೂಡಲೇ ಒಳಗಿನ ಜಗಳ ನಿಂತುಬಿಡಬೇಕು ಅಂದುಕೊಳ್ಳುತ್ತೇವೆ. ಅದು ನಿಲ್ಲದೇ ಇರಬಹುದು. ಗೆದ್ದ ಆಸೆ ಯಾವುದು ಅಂತ ಅದರ ನಿಜವಾದ ಹೆಸರು ಹಿಡಿದು ಹೇಳೋಕೆ ಬಂದರೆ ಅರ್ಧ ಕೆಲಸ ಆದಂತೆ.

ಒಂದು ಹಾಳೆ, ಮೂರು ಪ್ರಶ್ನೆ

1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅವರಿಗೆ ಹೊಸ ಕೆಲಸವೊಂದು ಬಂದಿತ್ತು. ಒಪ್ಪಲೋ ಬೇಡವೋ ಎಂದು ಫ್ರಾಂಕ್ಲಿನ್ ಅವರನ್ನು ಕೇಳಿದರು. ಏನು ಮಾಡಬೇಕು ಅಂತ ಹೇಳದೆ, ಹೇಗೆ ತೀರ್ಮಾನಿಸಬೇಕು ಅಂತ ಫ್ರಾಂಕ್ಲಿನ್ ಪತ್ರ ಬರೆದರು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರ್ನಾಲ್ಕು ದಿನ, ಹೊಳೆದಂತೆಲ್ಲ ಬರೆಯುತ್ತಾ ಹೋಗಬೇಕು. ಸಮ ತೂಕದವನ್ನು ಹೊಡೆದುಹಾಕುತ್ತಾ ಬಂದರೆ ಕೊನೆಗೆ ಯಾವ ಕಡೆ ಭಾರ ಅಂತ ಗೊತ್ತಾಗುತ್ತೆ. ಕಾರಣಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಇರಲ್ಲ, ಒಂದು ಕಾಣಿಸಿದಾಗ ಇನ್ನೊಂದು ಮರೆಯಾಗಿರುತ್ತೆ ಎಂಬುದು ಅವರ ಲೆಕ್ಕ.

ನಿಮ್ಮ ಹಾಳೆ ತುಂಬಿದ ಮೇಲೆ ಈ ಮೂರನ್ನೂ ಕೇಳಿಕೊಳ್ಳಿ.

*ಈ ಕಾರಣ ನಾಳೆ ಇಲ್ಲವಾದರೆ ನಾನು ಬೇರೆ ಥರ ಮಾಡ್ತೀನಾ?* ನಾಳೆ ಬೆಳಗ್ಗೆ ಲೋನ್ ತೀರಿತು ಅಂದುಕೊಳ್ಳಿ. ಊರಿಗೆ ಬ್ಯಾಗ್ ಕಟ್ಟುತ್ತೀರಾ? ಇಲ್ಲ ಅನ್ನೋದಾದರೆ ಲೋನ್ ಬರೀ ವಕೀಲನ ವಾದ.

*ಬರೆಯೋಕೆ ಕೈ ತಡೆದ ಸಾಲು ಯಾವುದು?* ‘ನನಗೆ ಇಲ್ಲಿನ ಬದುಕೇ ಇಷ್ಟ’ ಅಂತಿರಬಹುದು. ಅಥವಾ ಇದರ ಉಲ್ಟಾ: ‘ಊರಿಗೆ ಹೋಗೋದು ಅಮ್ಮನಿಗೋಸ್ಕರ ಅಲ್ಲ, ನನಗೆ ಈ ಕೆಲಸ ಸಾಕಾಗಿದೆ.’ ಆ ಸಾಲನ್ನೇ ಮೊದಲು ಬರೆಯಿರಿ. ಅದಕ್ಕೋಸ್ಕರ ನಿಮ್ಮನ್ನು ಬೈದುಕೊಳ್ಳಬೇಡಿ. ಬೈಗುಳ ಶುರುವಾದರೆ ವಕೀಲ ಮತ್ತೆ ಎದ್ದು ನಿಲ್ತಾನೆ.

*ನನ್ನ ಸಬೂಬು ನಂಬಿಕೊಂಡು ಯಾರು ಕಾಯ್ತಿದ್ದಾರೆ?* ‘ಇನ್ನೆರಡು ವರ್ಷ’ ಅನ್ನೋ ಮಾತು ನಂಬಿ ಅಮ್ಮ ಮಹಡಿ ಮೇಲಿನ ರೂಮನ್ನು ಬಾಡಿಗೆಗೆ ಕೊಡದೆ ಇಟ್ಟಿರಬಹುದು. ಅಪ್ಪ ಮಂಡಿ ನೋವಿನ ಆಪರೇಷನ್‌ನ ‘ನೀನು ಬಂದ ಮೇಲೆ ನೋಡೋಣ’ ಅಂತ ಮುಂದೂಡಿರಬಹುದು. ‘ಅಮ್ಮಾ, ಸದ್ಯಕ್ಕೆ ನಾನು ಬರಲ್ಲ, ನಿಮ್ಮಿಬ್ಬರಿಗೆ ಏನು ವ್ಯವಸ್ಥೆ ಮಾಡೋಣ ಹೇಳು’ ಅಂತ ಹೇಳೋದು ಕಷ್ಟ. ಕೇಳೋದೂ ಕಷ್ಟ. ಆದರೆ ಅದನ್ನು ಕೇಳಿದ ಮೇಲೆ ಆಪರೇಷನ್‌ಗೆ ಒಂದು ದಿನ ಗೊತ್ತುಮಾಡಬಹುದು.

ಈ ಹಾಳೆ ಯಾರಿಗೂ ತೋರಿಸಬೇಕಿಲ್ಲ. ಫೋನಿನ ನೋಟ್ಸ್‌ನಲ್ಲಿ ಬರೆದು ಲಾಕ್ ಹಾಕಿದರೂ ಆಯಿತು. ಒಂದೇ ರಾತ್ರಿಗೆ ಮುಗಿಸುವ ಅವಸರವೂ ಬೇಡ. ಪ್ರೀಸ್ಟ್ಲಿಗೇ ಫ್ರಾಂಕ್ಲಿನ್ ಮೂರ್ನಾಲ್ಕು ದಿನ ಕೊಟ್ಟಿದ್ದರು.