ನಾಯಿಗೂ ಒಂದು ಪಂದ್ಯ ಬೇಡವೆ?

ದುರ್ಗದ ಪೇಟೆಯಲ್ಲಿ ಯಾರನ್ನಾದರೂ ‘ನಾಯಿ’ ಅಂದು ನೋಡಿ, ಜಗಳ ಠಾಣೆಯ ಮೆಟ್ಟಿಲು ಹತ್ತುತ್ತದೆ. ಅದೇ ಜನ ಮೈಲಾರಲಿಂಗನ ಗೊರವಯ್ಯ ನಾಯಿಯಂತೆ ಬೊಗಳುತ್ತ ಬಂದು ದೋಣಿಗೆ ಬಾಯಿ ಹಾಕಿದಾಗ ಭಕ್ತಿಯಿಂದ ಕೈಮುಗಿಯುತ್ತಾರೆ. ನಾಯಿಯ ಬಗ್ಗೆ ನಮ್ಮ ಬುದ್ಧಿ ಹೀಗೆ ಎರಡು ದಿಕ್ಕಿನದು.

ಹಿಂದಿನವರು ಇಷ್ಟು ಜುಗ್ಗರಾಗಿರಲಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ ಸತ್ತಿತು. ಅದರ ಯಜಮಾನ ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಈಗ ವಿಷಯಕ್ಕೆ ಬರೋಣ. ಕೆಲಸದ ನಾಯಿಗಳ ಪಂದ್ಯ ನಮ್ಮಲ್ಲಿ ನಡೆದೀತೆ? ‘ನಾಯಿಗೂ ಕಪ್ಪಾ, ಸಾಮಿ?’ ಎಂದು ನಗುವವರು ಬಹಳ. ಆದರೆ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ, ಬಾಲಾ ಎಂಬ ಊರಿನಲ್ಲಿ, 1873ರಲ್ಲೇ ಕುರಿನಾಯಿಗಳ ಪಂದ್ಯ ನಡೆಯಿತು. ಕುರುಬರ ಕಸುಬೇ ಅಲ್ಲಿ ಆಟವಾಯಿತು.

ಅದನ್ನೇ ತಂದು ಹಿರಿಯೂರಿನಲ್ಲಿ ನಡೆಸುತ್ತೇವೆಂದರೆ ಮಾತ್ರ ಕೆಟ್ಟೆವು. ಅಲ್ಲಿನ ನಾಯಿ ಸಿಳ್ಳೆ ಕೇಳಿ ಕುರಿ ಅಟ್ಟುತ್ತದೆ. ನಮ್ಮ ಹಟ್ಟಿಯ ನಾಯಿಗೆ ಅಟ್ಟುವ ಕೆಲಸವಿಲ್ಲ, ಕಾಯುವ ಕೆಲಸ. ರಾತ್ರಿ ಹೊಲದಲ್ಲಿ ಮಂದೆ ತರುಬಿದಾಗ ತೋಳ ಬಂತೋ, ಕಳ್ಳ ಬಂದನೋ ಎಂದು ಎಚ್ಚರವಿರಬೇಕು. ಮರಿಗೆ ಬಾಯಿ ಹಾಕಬಾರದು. ಬೇರೆ ನಾಯಿ ಕರೆದರೂ ಮಂದೆ ಬಿಟ್ಟು ಹೋಗಬಾರದು. ಪರೀಕ್ಷೆ ಇಡುವುದಾದರೆ ಇದಕ್ಕೆ ಇಡಬೇಕು. ಓಟವೊಂದನ್ನೇ ಪಂದ್ಯವೆಂದರೆ ಮುಧೋಳದ ನಾಯಿ ಗೆಲ್ಲುತ್ತದೆ, ಹೊಸದುರ್ಗದ ಕುರಿಗಾಹಿ ಪ್ರೇಕ್ಷಕನಾಗುತ್ತಾನೆ.

ಮುಧೋಳದ ನಾಯಿಗೇನು, ದೆಸೆ ತಿರುಗಿದೆ. 2005ರಲ್ಲಿ ಅಂಚೆಚೀಟಿ ಏರಿತು, 2016ರಲ್ಲಿ ತರಬೇತಿಗೆಂದು ಮೀರತ್‌ನ ಸೈನ್ಯ ಕೇಂದ್ರಕ್ಕೂ ಹೋಯಿತು. ಪಕ್ಕದ ದಾವಣಗೆರೆ ಜಿಲ್ಲೆಯ ಪೊಲೀಸ್ ನಾಯಿ ತುಂಗಾಳ ಕಥೆಯೂ ಗೊತ್ತಿರುವುದೇ. ಅವಳ ಹೆಸರನ್ನೇ ಹೊತ್ತ ತುಂಗಾ-2, 2024ರ ಜುಲೈನಲ್ಲಿ ಚನ್ನಗಿರಿ ತಾಲೂಕಿನಲ್ಲಿ ಮಳೆರಾತ್ರಿ ಎಂಟು ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಜಾಡು ಹಿಡಿದಳು. ಅಂದು ಹೊಳಲ್ಕೆರೆಯ ಹೋಟೆಲುಗಳಲ್ಲಿ ಕೂತವರು ಯಾರೂ ನಾಯಿ ಎಂದು ಹೀಗಳೆದಿರಲಾರರು.

ಇನ್ನು ಕಾನೂನು. ಪ್ರಾಣಿಹಿಂಸೆ ತಡೆ ಕಾಯಿದೆ 1960ರದು. ನಾಯಿಗಳನ್ನು ಕಚ್ಚಾಡಿಸಿ ಮಜಾ ನೋಡುವುದು ಅದರಡಿ ಅಪರಾಧ. ಮೊಲ ಬಿಟ್ಟು ಅಟ್ಟಿಸಿದರೆ 1972ರ ವನ್ಯಜೀವಿ ಕಾಯಿದೆ ಬರುತ್ತದೆ. ರಾಜ್ಯ 2017ರಲ್ಲಿ ತಿದ್ದುಪಡಿ ಮಾಡಿ ಬಿಟ್ಟುಕೊಟ್ಟದ್ದು, 2023ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು, ಕಂಬಳಕ್ಕೆ ಮತ್ತು ಎತ್ತಿನ ಓಟಕ್ಕೆ. ನಾಯಿಯ ಹೆಸರು ಅಲ್ಲಿಲ್ಲ. ಜಾತ್ರೆಯಲ್ಲಿ ಬಾಜಿ ಕಟ್ಟಿ ಓಡಿಸುವ ಉತ್ಸಾಹಿಗಳು ಇದನ್ನು ತಿಳಿದಿದ್ದರೆ ಒಳ್ಳೆಯದು.

ಕಾನೂನಿಗಿಂತ ದೊಡ್ಡ ಅಡ್ಡಿ ಜನರ ಭಯ. ಅದು ಸುಳ್ಳು ಭಯವೂ ಅಲ್ಲ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಿ ಎಂದು ಸುಪ್ರೀಂ ಕೋರ್ಟೇ 2025ರ ನವೆಂಬರಿನಲ್ಲಿ ಹೇಳಬೇಕಾಯಿತು. ಹುಚ್ಚುನಾಯಿ ಕಡಿತಕ್ಕೆ ರೋಗ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ. ಕಚ್ಚಿದ ಕೂಡಲೇ ಗಾಯ ತೊಳೆದು ಸೂಜಿ ಹಾಕಿಸಿಕೊಂಡರಷ್ಟೇ ಉಳಿವು. ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಅಲೆಯುವ ಕುರಿಗಾಹಿಯ ನಾಯಿಗೆ ಲಸಿಕೆ ಹಾಕಿಸಲು ಯಾರಿಗೆ ಪುರುಸೊತ್ತು?

ಪಂದ್ಯದ ಪ್ರಯೋಜನ ನನಗೆ ಕಾಣುವುದು ಇಲ್ಲೇ. ಲಸಿಕೆಯ ಚೀಟಿ ತೋರಿಸದ ನಾಯಿಗೆ ಪ್ರವೇಶವಿಲ್ಲ ಎಂದು ಬರೆದು ಹಾಕಲಿ. ಬಹುಮಾನಕ್ಕೆ ಒಂದು ಕಂಬಳಿ ಇಟ್ಟರೂ ಹಟ್ಟಿಗೆ ಹಟ್ಟಿಯೇ ನಾಯಿ ಹಿಡಿದು ಬರುತ್ತದೆ. ಪಶುಪಾಲನಾ ಇಲಾಖೆಯವರು ಸೆಪ್ಟೆಂಬರ್ 28ರ ರೇಬೀಸ್ ದಿನದಂದು ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಒಂದು ಬಯಲು ಗೊತ್ತುಮಾಡಿದರೆ ಸಾಕು. ಪರೀಕ್ಷೆಗೆ ಮಂದೆ ಎಲ್ಲಿಂದ ತರೋದು ಅನ್ನುವ ಚಿಂತೆಯಂತೂ ನಮ್ಮ ಜಿಲ್ಲೆಗೆ ಇಲ್ಲ.