ಬಾರ್ಡರ್‌ಲೈನ್ ಕಾಯಿಲೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು



ಈ ಪುಟದಲ್ಲಿ ಸಾಮಾನ್ಯವಾಗಿ ಕಾರ್ಯಕ್ರಮಗಳ ವಿವರ ಕೊಡುತ್ತೇವೆ. ಈ ಸಲ ಮನಸ್ಸಿನ ಒಂದು ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇವೆ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಇದು ಮುಖ್ಯವಾಗಿ ಮಾತಿನ ಮೂಲಕ ವಾಸಿ ಮಾಡುವ ಕಾಯಿಲೆ. ಮಾತು ಎಂದ ಮೇಲೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಡಿಯಲ್ಲಿ ಬಾಳುವ ನಮಗೆ ಅದು ಸಣ್ಣ ಪ್ರಶ್ನೆಯಲ್ಲ.

ಹೆಸರು ಹೇಗೆ ಬಂತು

ಕಾಯಿಲೆಯ ಪೂರ್ಣ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ‘ಬಾರ್ಡರ್‌ಲೈನ್’ ಎಂದರೆ ಗಡಿರೇಖೆ. 1938ರಲ್ಲಿ ಅಮೆರಿಕದ ವೈದ್ಯ ಅಡಾಲ್ಫ್ ಸ್ಟರ್ನ್ ಈ ಮಾತನ್ನು ಬಳಸಿದರು. ಆತಂಕ, ದುಗುಡದಂಥ ಸಾಮಾನ್ಯ ತೊಂದರೆ ಒಂದು ಕಡೆ, ವಾಸ್ತವದ ಅರಿವೇ ತಪ್ಪುವ ತೀವ್ರ ಮನೋರೋಗ ಇನ್ನೊಂದು ಕಡೆ. ಕೆಲವು ರೋಗಿಗಳು ಇವೆರಡರ ಗಡಿಯಲ್ಲಿ ನಿಂತಂತೆ ಅವರಿಗೆ ಕಂಡಿತು. ಆ ವಿವರಣೆ ಈಗ ಹಳೆಯದಾಯಿತು, ಹೆಸರು ಮಾತ್ರ ಉಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕನ್ನಡದಲ್ಲಿ ‘ವ್ಯಕ್ತಿತ್ವ ದೋಷ’ ಎಂದು ಬರೆಯುವುದುಂಟು. ಹಾಗೆಂದರೆ ಮನುಷ್ಯನ ಗುಣವೇ ಕೆಟ್ಟದ್ದು ಎಂದು ಕೇಳಿದವರು ತಿಳಿದುಬಿಡುತ್ತಾರೆ. ಆದ್ದರಿಂದ ನಾವು ಇಲ್ಲಿ ಬಾರ್ಡರ್‌ಲೈನ್ ಕಾಯಿಲೆ ಎಂದಷ್ಟೇ ಕರೆಯುತ್ತೇವೆ.

ಲಕ್ಷಣಗಳು

ವೈದ್ಯರ ಪಟ್ಟಿಯಲ್ಲಿ 9 ಲಕ್ಷಣಗಳಿವೆ. ನಮ್ಮವರು ಎಲ್ಲಿ ಕೈಬಿಡುತ್ತಾರೋ ಎಂಬ ತಡೆಯಲಾಗದ ಭಯ, ಇಂದು ದೇವರಂತೆ ಕಂಡವರು ನಾಳೆ ಶತ್ರುವಿನಂತೆ ಕಾಣುವುದು, ತಾನು ಯಾರು, ತನಗೇನು ಬೇಕು ಎಂಬುದು ನೆಲೆ ನಿಲ್ಲದಿರುವುದು, ಹಿಂದುಮುಂದು ನೋಡದೆ ಖರ್ಚು, ಕುಡಿತ ಮುಂತಾದವುಗಳಿಗೆ ಇಳಿಯುವುದು, ಮೈ ಕೊಯ್ದುಕೊಳ್ಳುವುದು, ಸಾಯುವ ಮಾತು ಅಥವಾ ಪ್ರಯತ್ನ, ಗಂಟೆಗೊಂದು ಮನಸ್ಥಿತಿ, ಒಳಗೆಲ್ಲ ಬರಿದು ಎನ್ನುವ ಭಾವನೆ, ಅಳತೆ ಮೀರಿದ ಸಿಟ್ಟು, ಒತ್ತಡ ಹೆಚ್ಚಿದಾಗ ಸಂಶಯ ಅಥವಾ ಮಂಪರು ಕವಿದಂತಾಗುವುದು. ಇವುಗಳಲ್ಲಿ ಕನಿಷ್ಠ 5 ಬಹುಕಾಲದಿಂದ ಇದ್ದರೆ ವೈದ್ಯರು ಈ ಕಾಯಿಲೆ ಎಂದು ನಿರ್ಧರಿಸುತ್ತಾರೆ.

ಆಸ್ಪತ್ರೆಗೆ ಬರುವವರಲ್ಲಿ ಹೆಂಗಸರು ಹೆಚ್ಚು. ಗಂಡಸರಿಗೂ ಈ ಕಾಯಿಲೆ ಬರುತ್ತದೆ. ಅದು ಕುಡಿತ, ಜಗಳಗಳ ಹೆಸರಿನಲ್ಲಿ ಮರೆಯಾಗಿಬಿಡುತ್ತದೆ.

ಸಂಬಂಧಗಳ ಮೇಲೆ ಆಗುವ ಪೆಟ್ಟು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಸತ್ಯಮಂಗಲಕ್ಕೆ ಹೋಗಿದ್ದಾನೆ. ಬರುವ ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತುತ್ತಿದೆ, ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ‘ಸಿಗ್ನಲ್ ಸಿಕ್ಕಾಗ ಮಾಡುತ್ತಾನೆ’ ಎಂದು ಬೇರೆಯವರು ಸುಮ್ಮನಿರುತ್ತಾರೆ. ಈ ಕಾಯಿಲೆ ಇರುವ ಹೆಂಡತಿಗೆ ಮಾತ್ರ ‘ನನ್ನನ್ನು ಬಿಟ್ಟೇಬಿಟ್ಟ’ ಎಂಬುದು ಖಚಿತವಾಗಿ ಹೋಗುತ್ತದೆ. ಇಪ್ಪತ್ತು, ಮೂವತ್ತು ಸಲ ಕರೆ ಮಾಡುತ್ತಾಳೆ. ಅವನು ಬಂದೊಡನೆ ಬೈಗುಳ, ಆಮೇಲೆ ಅಳು, ಆಮೇಲೆ ‘ನನ್ನನ್ನು ಬಿಡಬೇಡ’ ಎಂಬ ಬೇಡಿಕೆ. ದಿನಾ ಹೀಗಾದರೆ ಅವನು ನಿಜವಾಗಿಯೂ ದೂರ ಸರಿಯತೊಡಗುತ್ತಾನೆ. ಯಾವುದಕ್ಕೆ ಹೆದರಿದ್ದಳೋ ಅದೇ ನಡೆದುಹೋಗುತ್ತದೆ. ಈ ಕಾಯಿಲೆಯ ದೊಡ್ಡ ದುಃಖ ಇದು.

ನಮ್ಮ ಊರುಗಳಲ್ಲಿ ಇದಕ್ಕೆ ‘ಸೊಕ್ಕು’, ‘ನಾಟಕ’, ‘ಗಾಳಿ ಸೋಕಿದೆ’ ಎಂಬ ಹೆಸರುಗಳಿವೆ. ಮಾದಪ್ಪನಿಗೆ ಹರಕೆ ಹೊರುವುದನ್ನು ಬೇಡ ಎನ್ನುವವರು ನಾವಲ್ಲ. ಹರಕೆಯ ಜೊತೆಗೆ ಡಾಕ್ಟರನ್ನೂ ಕಾಣಿ ಎನ್ನುತ್ತೇವೆ.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸು ಅತ್ತರೆ, ಸಿಟ್ಟಾದರೆ ಅದು ಕಾಯಿಲೆಯಲ್ಲ. ಎದುರು ಮಾತಾಡುವ ಸೊಸೆಗೆ ಈ ಹೆಸರು ಅಂಟಿಸುವ ಅಧಿಕಾರ ಯಾರಿಗೂ ಇಲ್ಲ. ಕಾಯಿಲೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಮನೋವೈದ್ಯರು.

ಕಾರಣ ಮತ್ತು ಚಿಕಿತ್ಸೆ

ಕೆಲವರು ಹುಟ್ಟಿನಿಂದಲೇ ಸೂಕ್ಷ್ಮ. ಸಣ್ಣದಕ್ಕೂ ಮನಸ್ಸು ಜೋರಾಗಿ ಕದಡುತ್ತದೆ, ತಿಳಿಯಾಗಲು ಹೊತ್ತು ಹಿಡಿಯುತ್ತದೆ. ಅಂಥ ಮಗುವಿಗೆ ಏಟು, ಅನಾಥತನ, ದೌರ್ಜನ್ಯ, ಇಲ್ಲವೇ ‘ಇದಕ್ಕೆಲ್ಲ ಅಳ್ತಾರಾ’ ಎಂಬ ಸತತ ಹೀಯಾಳಿಕೆ ಸೇರಿದರೆ ಕಾಯಿಲೆಗೆ ದಾರಿಯಾಗಬಹುದು. ಎಲ್ಲರ ವಿಷಯದಲ್ಲೂ ಹೀಗೆಯೇ ಎಂದಲ್ಲ. ಹಾಗಾಗಿ ತಂದೆತಾಯಿಯನ್ನು ಕಟಕಟೆಗೆ ನಿಲ್ಲಿಸಿ ಪ್ರಯೋಜನವಿಲ್ಲ.

ಇದಕ್ಕೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ವೈದ್ಯರು ಔಷಧಿ ಕೊಡಬಹುದು. ಮುಖ್ಯ ಚಿಕಿತ್ಸೆ ಮಾತುಕತೆಯದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿ.ಬಿ.ಟಿ. ಎಂಬ ವಿಧಾನ ಹೆಸರುವಾಸಿ. ಸಂಕಟವನ್ನು ಕೈ ಕೊಯ್ದುಕೊಳ್ಳದೆ ದಾಟುವುದು, ಭಾವನೆಯನ್ನು ಗುರುತಿಸಿ ಹತೋಟಿಗೆ ತರುವುದು, ಬೇಕಾದ್ದನ್ನು ಜಗಳವಿಲ್ಲದೆ ಕೇಳುವುದು ಮುಂತಾದವನ್ನು ಅದರಲ್ಲಿ ಪಾಠದಂತೆ ಕಲಿಸುತ್ತಾರೆ. ಚಿಕಿತ್ಸೆ ಪಡೆದವರಲ್ಲಿ ಸ್ವಯಂ ಹಾನಿ ಕಡಿಮೆಯಾದುದನ್ನು ಅವರು 1991ರಲ್ಲಿ ಪ್ರಕಟಿಸಿದರು. ಯೌವನದಲ್ಲಿ ತಾವೂ ಇಂಥದೇ ಸಂಕಟ ಪಟ್ಟು ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಅಮೆರಿಕದ ಮೆಕ್ಲೀನ್ ಆಸ್ಪತ್ರೆಯವರು ರೋಗಿಗಳನ್ನು 10 ವರ್ಷ ಗಮನಿಸಿದಾಗ ಬಹುಪಾಲು ಜನರಲ್ಲಿ ಲಕ್ಷಣಗಳು ಇಳಿದಿದ್ದವು. ಉದ್ಯೋಗ, ಸಂಬಂಧ ಎರಡರಲ್ಲೂ ನೆಲೆ ಕಂಡವರು ಸುಮಾರು ಅರ್ಧದಷ್ಟು. ಹೊತ್ತು ಹಿಡಿಯುತ್ತದೆ ನಿಜ, ಆದರೆ ಕೈಚೆಲ್ಲುವ ಕಾಯಿಲೆಯಲ್ಲ.

ಮನೆಯವರು ಮಾಡಬಹುದಾದದ್ದು

1. ಸಿಟ್ಟು ಏರಿರುವಾಗ ಸರಿತಪ್ಪು ವಾದಿಸಬೇಡಿ. ‘ನಿನಗೆ ತುಂಬ ಭಯವಾಗಿದೆ, ಗೊತ್ತಾಗುತ್ತಿದೆ’ ಎನ್ನಿ. ಭಾವನೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ಆಪಾದನೆಯನ್ನೂ ಒಪ್ಪಿಕೊಂಡಂತಲ್ಲ.

2. ನಡೆಸಲಾಗದ ಮಾತು ಕೊಡಬೇಡಿ. ‘ಎಂಟು ಗಂಟೆಗೆ ಬರುತ್ತೇನೆ, ಘಾಟಿಯಲ್ಲಿ ಫೋನ್ ಸಿಗುವುದಿಲ್ಲ’ ಎಂದು ಮೊದಲೇ ಹೇಳಿ.

3. ಮಿತಿ ಇರಲಿ. ‘ಬೈದರೆ ಹೊರಗಿನ ಜಗಲಿಗೆ ಹೋಗುತ್ತೇನೆ, ಅರ್ಧ ಗಂಟೆಗೆ ವಾಪಸ್ ಬರುತ್ತೇನೆ’ ಎನ್ನಿ. ಹೇಳಿದ ಹೊತ್ತಿಗೆ ಬನ್ನಿ.

4. ಸಾಯುತ್ತೇನೆ ಎಂದರೆ ಬೆದರಿಕೆ ಎಂದು ತಳ್ಳಿಹಾಕಬೇಡಿ. ಒಬ್ಬರೇ ಇರಲು ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. ಬೆಳೆ ಬೆಳೆಯುವ ನಮ್ಮ ಮನೆಗಳಲ್ಲಿ ಇದೊಂದೇ ಕೆಲಸ ಜೀವ ಉಳಿಸಬಲ್ಲದು.

5. ನೋಡಿಕೊಳ್ಳುವವರೂ ದಣಿಯುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸರದಿ ಹಂಚಿಕೊಳ್ಳಿ.

ಎಲ್ಲಿಗೆ ಹೋಗುವುದು, ಯಾವ ಭಾಷೆಯಲ್ಲಿ

ತಾಳವಾಡಿ ಸೀಮೆಯವರು ಘಾಟಿ ಇಳಿದರೆ ಆಸ್ಪತ್ರೆಯಲ್ಲಿ ತಮಿಳು. ಜ್ವರಕ್ಕೆ, ಮೂಳೆ ಮುರಿತಕ್ಕೆ ನಮಗೆ ಬರುವಷ್ಟು ತಮಿಳು ಸಾಕು. ‘ಒಳಗೆಲ್ಲ ಬರಿದು’ ಎಂಬುದನ್ನು ಮನೆಮಾತಿನಲ್ಲಿ ಹೇಳಿದಷ್ಟು ಸರಿಯಾಗಿ ಬೇರೆ ಭಾಷೆಯಲ್ಲಿ ಹೇಳಲಾಗದು. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಕೇಳಿ ಪಡೆಯಿರಿ.

2017ರ ಮಾನಸಿಕ ಆರೋಗ್ಯ ಕಾಯ್ದೆ ನಮಗೆ ಎರಡು ವಿಷಯಗಳಲ್ಲಿ ಬಲ ಕೊಡುತ್ತದೆ. ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಉಳಿಯಬೇಡಿ.

ಗಡಿಯಾಚೆ ಈಚೆಯ ಸದಸ್ಯರಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಲು ಎರಡೂ ಭಾಷೆ ಬಲ್ಲ ಜೊತೆಗಾರರು ಬೇಕಿದ್ದರೆ ಸಂಘಕ್ಕೆ ತಿಳಿಸಿ. ವಿಷಯ ನಮ್ಮಲ್ಲೇ ಉಳಿಯುತ್ತದೆ.

ಸಂಘದ ಪರವಾಗಿ,
ಕಾರ್ಯದರ್ಶಿ, ತಿಗನಾರೆ