*ಸಕ್ಕರೆ ಹಾಕದ ಸಂತ್ರಾ ಕಾಂಪೋಟ್: ಊರಿಗೆ ಬಾಟಲಿ ಕಳಿಸುವ ಮುನ್ನ ಓದಿ*

ನಾಗಪುರದ ಕನ್ನಡ ಬಂಧುಗಳೇ,

ನಾವು ಕಿತ್ತಳೆ ಅನ್ನುವುದನ್ನು ಇಲ್ಲಿ ಸಂತ್ರಾ ಅನ್ನುತ್ತಾರೆ. 2014ರಲ್ಲಿ ಜಿಐ ಮಾನ್ಯತೆ ಪಡೆದ ಹಣ್ಣು ಇದು. ಚಳಿಗಾಲದಲ್ಲಿ ಬರುವುದು ಅಂಬಿಯಾ ಬೆಳೆ. ಮೃಗಶಿರಾ ಮಳೆಗೆ ಹೂಬಿಟ್ಟು ಫೆಬ್ರವರಿ-ಮಾರ್ಚ್‌ನಲ್ಲಿ ಬರುವುದು ಮೃಗ ಬೆಳೆ. ಹಣ್ಣು ಅಗ್ಗವಾದಾಗ ಡಜನ್‌ಗಟ್ಟಲೆ ತರುತ್ತೇವೆ. "ಊರಲ್ಲಿ ಅಪ್ಪನಿಗೆ ಶುಗರ್ ಇದೆ, ಸಕ್ಕರೆ ಹಾಕದೆ ಮಾಡಿ ಒಂದು ಬಾಟಲಿ ಕಳಿಸೋಣ" ಅನಿಸುವುದು ಸಹಜ.

ಆದರೆ ಒಂದು ಮಾತು ನೆನಪಿಡಿ. ಜಾಮ್ ಕೆಡದಂತೆ ಕಾಯುವುದೇ ಸಕ್ಕರೆ. ಕಾನೂನಿನ ಪ್ರಕಾರ ಜಾಮ್‌ನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು, ಅದರಲ್ಲಿ ಬಹುಪಾಲು ಸಕ್ಕರೆಯೇ. ಆ ಸಕ್ಕರೆ ತೆಗೆದ ಮೇಲೆ ಕಾಯುವ ಕೆಲಸ ಫ್ರಿಜ್‌ನದು.

*ಮಾಡುವ ವಿಧಾನ*
🍊 ಸಂತ್ರಾ 4, ಸೇಬು 2, ಚಕ್ಕೆ ಒಂದು ತುಂಡು, ನೀರು ಅರ್ಧ ಕಪ್.
1. ಸೇಬಿನ ಸಿಪ್ಪೆ ತೆಗೆದು ಹೆಚ್ಚಿ, ಚಕ್ಕೆ, ನೀರು ಹಾಕಿ ಮುಚ್ಚಿ, ಮೆತ್ತಗಾಗುವವರೆಗೆ ಬೇಯಿಸಿ. ಪಾತ್ರೆ ಸ್ಟೀಲಿನದಿರಲಿ, ಹುಳಿಗೆ ಅಲ್ಯೂಮಿನಿಯಂ, ಹಿತ್ತಾಳೆ ಬೇಡ.
2. ಸಂತ್ರಾ ತೊಳೆಗಳ ನಾರು, ಬೀಜ ಪೂರ್ತಿ ತೆಗೆಯಿರಿ. ಕಹಿ ಬರುವುದು ಅವುಗಳಿಂದಲೇ.
3. ತೊಳೆಗಳನ್ನು ಕೊನೆಗೆ ಹಾಕಿ, 2-3 ನಿಮಿಷ ಕುದಿಸಿ ಇಳಿಸಿ. ಹೆಚ್ಚು ಕುದಿಸಿದರೆ ಕಹಿಯೂ ಹೆಚ್ಚು, ವಿಟಮಿನ್ ಸಿ ಕೂಡ ನಷ್ಟ.

ಬೆಲ್ಲ, ಜೇನುತುಪ್ಪ ಹಾಕಿದರೆ? ಅವೂ ಸಕ್ಕರೆಯೇ. ಬೇಡ.

*ಇಡುವ ವಿಧಾನ*
✅ ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಚಿಕ್ಕ ಚಿಕ್ಕ ಗಾಜಿನ ಬಾಟಲಿಗಳಿಗೆ ಹಾಕಿ. ಆರಿದ ಕೂಡಲೇ ಫ್ರಿಜ್‌ನಲ್ಲಿಡಿ, 5 ದಿನದೊಳಗೆ ಮುಗಿಸಿ.
✅ ಉಳಿದದ್ದು ಫ್ರೀಜರ್‌ಗೆ. ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಹಾಗಾಗಿ ಡಬ್ಬಿಯಲ್ಲಿ ಒಂದು ಬೆರಳು ಜಾಗ ಬಿಡಿ. ಮೇಲೆ ತಾರೀಖು ಬರೆಯಿರಿ. 2-3 ತಿಂಗಳು ಇರುತ್ತದೆ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.
✅ ತೆಗೆಯಲು ಒಣ ಚಮಚವೇ ಇರಲಿ.
❌ ಬೂಷ್ಟು, ನೊರೆ, ಹೆಂಡದಂಥ ವಾಸನೆ ಕಂಡರೆ ಇಡೀ ಬಾಟಲಿ ಚೆಲ್ಲಿ. ಮೇಲಿನದನ್ನಷ್ಟೇ ತೆಗೆದು ತಿನ್ನಬೇಡಿ.

*ಶುಗರ್ ಇರುವವರು ಗಮನಿಸಿ*
"ಸಕ್ಕರೆ ಹಾಕಿಲ್ಲ" ಎಂದರೆ "ಸಕ್ಕರೆ ಇಲ್ಲ" ಎಂದಲ್ಲ. ಮಧ್ಯಮ ಗಾತ್ರದ ಒಂದು ಸಂತ್ರಾದಲ್ಲೇ ಸುಮಾರು 10 ಗ್ರಾಂ ಸಕ್ಕರೆ, ಅಂದರೆ ಎರಡು ಟೀ ಚಮಚಕ್ಕಿಂತ ಹೆಚ್ಚು ಇದೆ. ಮೇಲಿನ ಅಳತೆಯದನ್ನು 8 ಪಾಲು ಮಾಡಿ. ದಿನಕ್ಕೆ ಒಂದು ಪಾಲು ಸಾಕು. ಅದನ್ನೂ ಊಟದ ಲೆಕ್ಕಕ್ಕೆ ಸೇರಿಸಿ. ಸಾಧ್ಯವಾದರೆ ಹಸಿ ಹಣ್ಣನ್ನೇ ತಿನ್ನಿ. ಅಗಿಯಲು ಕಷ್ಟವಿರುವ ಹಿರಿಯರಿಗೆ ಬೇಯಿಸಿದ್ದು ಅನುಕೂಲ. ಕಿಡ್ನಿ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಸಂತ್ರಾದಲ್ಲಿ ಪೊಟ್ಯಾಸಿಯಂ ಇದೆ.

ಇನ್ನು ಊರಿಗೆ ಕಳಿಸುವ ಮಾತು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಫ್ರಿಜ್ ಇಲ್ಲದೆ ಹೋದ ಬಾಟಲಿ ಹಿರಿಯರ ಹೊಟ್ಟೆ ಕೆಡಿಸೀತು. ಪ್ರೀತಿಯಿಂದ ಕಳಿಸಿದ್ದು ಎಂದು ಹಿರಿಯರು ಹುಳಿ ಬಂದರೂ ಚೆಲ್ಲುವುದಿಲ್ಲ, ತಿಂದೇ ತಿನ್ನುತ್ತಾರೆ! ಆದ್ದರಿಂದ ಬಾಟಲಿ ಬೇಡ, ಗಟ್ಟಿ ಹಣ್ಣುಗಳನ್ನು ಕಳಿಸಿ. ಮಾಡುವ ವಿಧಾನವನ್ನು ಫೋನಿನಲ್ಲಿ ಹೇಳಿಕೊಡಿ. ಆ ನೆಪದಲ್ಲಿ ನಾಲ್ಕು ಮಾತೂ ಆಗುತ್ತದೆ.

ಊರಿನ ಬಳಗಕ್ಕೂ ಕಳಿಸಿ. 🙏